ಗಣಕದ ಕವಿತೆ, ಬನಹಟ್ಟಿಯ ಮಗ್ಗ

ಕಳೆದ ಮಳೆಗಾಲದಲ್ಲಿ ಬೀಳಗಿಯ ಕಡೆಯ ವಿದ್ಯಾರ್ಥಿನಿಯೊಬ್ಬಳು ಜಮಖಂಡಿಯ ನನ್ನ ಮನೆಗೆ ಬಂದು, ತಾನು ರಚಿಸಿದ ಕವಿತೆಯೊಂದನ್ನು ನೋಡಬೇಕೆಂದು ಕೇಳಿಕೊಂಡಳು. ಓದಬೇಕೆನ್ನದೆ ನೋಡಬೇಕೆಂದುದು ನನಗೆ ಸರಿದೋರಲಿಲ್ಲ. ಅಧ್ಯಾಪಕ ವೃತ್ತಿಯಿಂದ ನಿವೃತ್ತನಾಗಿದ್ದರೂ ತಿದ್ದುವ ಚಟ ಇನ್ನೂ ನಿವೃತ್ತವಾಗಿಲ್ಲ. “ಕವಿತಾ ಅಂದ್ರ ಓದೂದವಾ ತಂಗಿ, ನೋಡೂದಲ್ಲ” ಎಂದೆ. ಆಕೆ ಮರುಮಾತಾಡದೆ ಮೊಬೈಲನ್ನು ನನ್ನ ಕೈಗಿತ್ತಳು.

ಆಕೆಯ ಅಜ್ಜಿಯ ಊರು ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದುದು. ತೆರೆಯ ಮೇಲೆ ತಲಬಾಗಿಲು, ಬೀಸುಕಲ್ಲು, ಬಾವಿ, ಬೇವಿನ ಕಟ್ಟೆ ಎಂಬ ಮಾತುಗಳು ಚದುರಿ ನಿಂತಿದ್ದವು. ಒಂದರ ಮೇಲೆ ಬೆರಳಿಟ್ಟರೆ ಅದು ಅರಳಿ ಎರಡು ಸಾಲಿನ ಪದ್ಯವಾಗುತ್ತಿತ್ತು. ಅಷ್ಟರಲ್ಲಿ ಕೆಳಗಿನಿಂದ ನೀರಿನ ಬಣ್ಣವೊಂದು ಮೆಲ್ಲನೆ ಏರಿ ಉಳಿದ ಮಾತುಗಳನ್ನು ನುಂಗುತ್ತಿತ್ತು. ನಾನು ಬೀಸುಕಲ್ಲನ್ನು ಹಿಡಿದೆ, ಬಾವಿ ಹೋಯಿತು. ಮರಳಿ ಓದುವಾಗ ಬಾವಿಯನ್ನು ಹಿಡಿದೆ, ತಲಬಾಗಿಲು ಹೋಯಿತು. ಎಲ್ಲವನ್ನೂ ಉಳಿಸಿಕೊಳ್ಳುವ ಓದು ಆ ಕವಿತೆಯಲ್ಲಿ ಇರಲೇ ಇಲ್ಲ. ಆಲಮಟ್ಟಿಯ ನೀರಿನ ಮಟ್ಟ 519.6 ಮೀಟರೆಂದು ಪತ್ರಿಕೆಗಳಲ್ಲಿ ಎಷ್ಟು ಬಾರಿ ಓದಿದ್ದೆನೋ! ಆ ಅಂಕಿಯ ಅರ್ಥ ಅಂದು ನನ್ನ ಬೆರಳಿಗೆ ತಿಳಿಯಿತು.

ಆದರೂ ಮನಸ್ಸು ಹಟ ಹಿಡಿಯಿತು. ಇದು ಕಾವ್ಯವೇ, ಇಲ್ಲವೆ ಯಂತ್ರದ ಚಮತ್ಕಾರವೇ? ಉತ್ತರ ದೊರೆತುದು ಪುಸ್ತಕದಲ್ಲಲ್ಲ. ಬನಹಟ್ಟಿಯ ಒಂದು ನೇಕಾರರ ಮನೆಯಲ್ಲಿ.

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಅಡ್ಡಾಡಿದವರಿಗೆ ಮಗ್ಗದ ಸದ್ದು ಹೊಸತಲ್ಲ. ಸೀರೆ ಕೊಳ್ಳಲು ಹೋದ ನಾನು ಅಂದು ಮಗ್ಗದ ನೆತ್ತಿಯ ಮೇಲೆ ಸುತ್ತುತ್ತಿದ್ದ ರಟ್ಟಿನ ಮಾಲೆಯನ್ನು ಮೊದಲ ಬಾರಿಗೆ ಗಮನವಿಟ್ಟು ನೋಡಿದೆ. ರಟ್ಟಿನಲ್ಲಿ ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ತೂತಿಲ್ಲದಲ್ಲಿ ಕೆಳಗುಳಿಯುತ್ತದೆ. ಲಾಳಿ ನಡುವೆ ಓಡುತ್ತದೆ. ಇಷ್ಟರಿಂದಲೇ ಸೆರಗಿನ ಮೇಲೆ ಹೂವು, ಬಳ್ಳಿ, ನವಿಲು ಮೂಡುತ್ತವೆ. ಮನೆಯ ಹಿರಿಯರು ನಕ್ಕು, “ಹೂವ ಇರೂದು ಈ ತೂತಿನ್ಯಾಗರಿ, ಮಾಸ್ತರ. ನಾವು ನೂಲ ಕೊಡ್ತೀವಿ, ಅಷ್ಟ” ಎಂದರು.

ಇದು ಫ್ರಾನ್ಸಿನ ಲಿಯೋನ್ ನಗರದ ಜಕಾರ್ಡನು 1804ರಲ್ಲಿ ರೂಪಿಸಿದ ಸಾಧನ. ಇಂಗ್ಲೆಂಡಿನ ಬ್ಯಾಬೇಜನು ತನ್ನ ಗಣಿತಯಂತ್ರಕ್ಕೆ ಇದೇ ತೂತಿನ ರಟ್ಟನ್ನು ಎರವಲು ಪಡೆಯಲೆಣಿಸಿದನು. 1843ರಲ್ಲಿ ಆ ಯಂತ್ರವನ್ನು ಕುರಿತು ಟಿಪ್ಪಣಿ ಬರೆದ ಏಡಾ ಲವ್‌ಲೇಸ್, ಮಗ್ಗ ಹೂವೆಲೆಗಳನ್ನು ನೇಯುವಂತೆ ಇದು ಬೀಜಗಣಿತದ ವಿನ್ಯಾಸಗಳನ್ನು ನೇಯುವುದೆಂದಳು. ಇಂದಿನ ಗಣಕದ ‘ಉಂಟು-ಇಲ್ಲ’ಗಳ ಲೆಕ್ಕಕ್ಕೂ ಬನಹಟ್ಟಿಯ ಮಗ್ಗಕ್ಕೂ ನಂಟು ಇಂತಹುದು.

ಗಣಕ ಹುಟ್ಟಿದ ಕೆಲವೇ ವರ್ಷಗಳಲ್ಲಿ ಅದರಿಂದ ಸಾಹಿತ್ಯವನ್ನು ನೇಯಿಸುವ ಪ್ರಯತ್ನಗಳು ಮೊದಲಾದುವು. 1952ರಲ್ಲಿ ಮ್ಯಾಂಚೆಸ್ಟರಿನ ಯಂತ್ರದಿಂದ ಕ್ರಿಸ್ಟೋಫರ್ ಸ್ಟ್ರೇಚಿ ಪ್ರೇಮಪತ್ರಗಳನ್ನು ಬರೆಯಿಸಿದನು. 1959ರಲ್ಲಿ ಜರ್ಮನಿಯ ಥಿಯೋ ಲುಟ್ಸ್, ಕಾಫ್ಕಾನ ‘ದಿ ಕ್ಯಾಸಲ್’ ಕಾದಂಬರಿಯಿಂದ ಆಯ್ದ ಮಾತುಗಳನ್ನು ಯಂತ್ರಕ್ಕಿತ್ತು ವಾಕ್ಯಗಳನ್ನು ಕಟ್ಟಿಸಿದನು. ಫ್ರಾನ್ಸಿನ ರೇಮೋ ಕೆನೋ 1961ರಲ್ಲಿ ಯಂತ್ರವಿಲ್ಲದೆಯೇ ಹತ್ತು ಸುನೀತಗಳ ಹದಿನಾಲ್ಕು ಸಾಲುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿಟ್ಟನು. ಅವನ್ನು ಕೂಡಿಸಿದರೆ ದೊರೆವ ಸುನೀತಗಳು ಒಂದು ಕೋಟಿ ಕೋಟಿ! ಅಮೆರಿಕದ ಮೈಕೆಲ್ ಜಾಯ್ಸನ ‘ಆಫ್ಟರ್‌ನೂನ್’ ಕಥೆಯಲ್ಲಿ ಯಾವ ಮಾತನ್ನು ಮುಟ್ಟುವೆವೋ ಆ ದಾರಿಯಲ್ಲಿ ಕಥೆ ಹೊರಳುತ್ತದೆ.

ಕನ್ನಡಿಗರಿಗೆ ಇದು ತೀರ ಅಪರಿಚಿತವಲ್ಲ. ನಮ್ಮ ಮುಧೋಳದ ರನ್ನನು ‘ಗದಾಯುದ್ಧ’ದಲ್ಲಿ ಭಾರತಯುದ್ಧದ ಕೊನೆಯಲ್ಲಿ ನಿಂತು, ಸಿಂಹಾವಲೋಕನ ಕ್ರಮದಿಂದ ಹಿಂದಣ ಕಥೆಯನ್ನೆಲ್ಲ ನೋಡಿದನು. ಕಥೆ ನೇರವಾಗಿಯೇ ನಡೆಯಬೇಕೆಂಬ ಕಟ್ಟನ್ನು ಸಾವಿರ ವರ್ಷಗಳ ಹಿಂದೆಯೇ ಸಡಿಲಿಸಿದವನು ಅವನು. ಆದರೆ ರನ್ನನ ವಾಚಕನು ಕವಿ ಇಟ್ಟ ಹೆಜ್ಜೆಯಲ್ಲೇ ನಡೆಯಬೇಕು; ಜಾಯ್ಸನ ವಾಚಕನು ತಾನೇ ದಾರಿ ಆರಿಸಬೇಕು. ಕುಮುದೇಂದು ಮುನಿಯದೆನ್ನುವ ‘ಸಿರಿಭೂವಲಯ’ವಂತೂ ಅಕ್ಷರಗಳನ್ನೇ ಬಿಟ್ಟು 64 ಧ್ವನಿಗಳನ್ನು ಅಂಕಿಗಳಾಗಿಸಿ, 27 ಮನೆ ಉದ್ದ 27 ಮನೆ ಅಗಲದ ಚಕ್ರಗಳಲ್ಲಿ ತುಂಬಿದೆ. ಯಾವ ಬಂಧದಲ್ಲಿ ನಡೆಯುವೆವೋ ಅದರಂತೆ ಪಾಠ ಹೊರಡುತ್ತದೆ. 1953ರಲ್ಲಿ ಅಚ್ಚಿಗೆ ಬಂದ ಇದರ ಕಾಲದ ಬಗೆಗೆ ವಿದ್ವಾಂಸರಲ್ಲಿ ವಿವಾದವುಂಟು. ಅದರ ನಿಯಮಬದ್ಧ ರಚನೆಯನ್ನು ಮಾತ್ರ ಯಾರೂ ಅಲ್ಲಗಳೆಯರು.

ಇಷ್ಟೆಲ್ಲ ತಿಳಿದ ಮೇಲೆ ಶಿಷ್ಯೆಯೊಡನೆ ನಾನೂ ಒಂದು ಪ್ರಯೋಗಕ್ಕೆ ಕೈಹಾಕಿದೆ. ಲುಟ್ಸನಂತೆ ಹದಿನಾರು ನಾಮಪದ, ಹದಿನಾರು ಕ್ರಿಯಾಪದಗಳನ್ನು ಆರಿಸಿಕೊಟ್ಟೆವು. ಗಣಕ ಕೊಟ್ಟ ಮೊದಲ ಸಾಲು: ತಾಯಿ ಬಂದನು! ಕನ್ನಡದಲ್ಲಿ ಕರ್ತೃವಿನ ಲಿಂಗವಚನಗಳನ್ನು ಕ್ರಿಯಾಪದ ಅನುಸರಿಸಬೇಕು, ವಿಭಕ್ತಿ ಸೇರಬೇಕು, ಸಂಧಿಯಾಗಬೇಕು. ಪರಭಾಷೆಯ ಅಚ್ಚಿನಲ್ಲಿ ನಮ್ಮ ಮಾತನ್ನು ಹೊಯ್ಯಲಾಗದು. ಮಾತ್ರೆಗಳನ್ನು ಯಂತ್ರ ಚೆನ್ನಾಗಿಯೇ ಎಣಿಸೀತು. ನಮ್ಮ ತ್ರಿಪದಿಯ ಅಂಶಗಣವೋ ಹಾಡುವವಳ ಉಸಿರಿನೊಡನೆ ಹಿಗ್ಗಿ ಕುಗ್ಗುವಂತಹುದು. ಅದನ್ನು ಗಣಕಕ್ಕೆ ಕಲಿಸಬೇಕಾದರೆ ಮೊದಲು ನಾವೇ ಛಂದಸ್ಸನ್ನು ಬಲ್ಲವರಾಗಬೇಕು. ವ್ಯಾಕರಣ ಬೇಸರವೆನ್ನುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯನ್ನು ನಾನು ಕಾಣೆ.

ಇಂದು ಕೃತಕ ಬುದ್ಧಿಮತ್ತೆ ಕೇಳಿದೊಡನೆ ಪದ್ಯ ಹೊಸೆದು ಕೊಡುತ್ತದೆ. ಅದು ಬೇರೆಯ ಮಾತು. ಬೀಳಗಿಯ ಹುಡುಗಿಯ ಕವಿತೆಯಲ್ಲಿ ಪದ್ಯವೂ ನಿಯಮವೂ ಎರಡೂ ಆಕೆಯವೇ. ನೀರು ಏರುವ ನಿಯಮವನ್ನು ಕಿತ್ತರೆ ಉಳಿಯುವುದು ಸಾಧಾರಣ ಪದ್ಯಗಳಷ್ಟೆ. ಛಂದಸ್ಸು ಭಾವಕ್ಕೆ ಹೊರತಾದರೆ ಹೇಗೆ ಹೊರೆಯೋ ಹಾಗೆಯೇ ಈ ನಿಯಮವೂ. ಅನುಭವಕ್ಕೆ ಅನಿವಾರ್ಯವಾದರೆ ಮಾತ್ರ ಅದು ಕಾವ್ಯ; ಇಲ್ಲವಾದರೆ ಆಟಿಕೆ. ಹೀಗೆಂದು ನನ್ನ ಸಂಶಯವನ್ನು ನಾನೇ ತೀರಿಸಿಕೊಂಡೆ.

ಆದರೆ ಚಿಂತೆಯೊಂದು ಉಳಿದಿದೆ. ಜಾಲತಾಣಗಳ ಚಲಿಸುವ ಕವಿತೆಗಳನೇಕವು ‘ಫ್ಲ್ಯಾಶ್’ ಎಂಬ ತಂತ್ರಾಂಶದಲ್ಲಿ ರಚಿತವಾಗಿದ್ದವು. 2020ರ ಕೊನೆಗೆ ಅದರ ಬೆಂಬಲ ನಿಂತಿತು. ಕವಿತೆಗಳು ಒಮ್ಮೆಗೇ ಕುರುಡಾದುವು. ಅವುಗಳಲ್ಲಿ ಕೆಲವನ್ನು ಮತ್ತೆ ಕಾಣಿಸುವ ಯತ್ನಗಳು ಈಗ ನಡೆದಿವೆ. ನಾನೇ 1990ರ ದಶಕದಲ್ಲಿ ಹಳೆಯ ಅಕ್ಷರವಿನ್ಯಾಸವೊಂದರಲ್ಲಿ ಬೆರಳಚ್ಚಿಸಿದ ಪ್ರಬಂಧಗಳು ಈಗ ತೆರೆದರೆ ರೋಮನ್ ಅಕ್ಷರಗಳ ಕಲಸುಮೇಲೋಗರ. 1991ರ ಯೂನಿಕೋಡ್ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಟ್ಟಿತ್ತು. ನಾನು ಅದನ್ನರಿತುದು ತಡವಾಗಿ. ತಾಳೆಯೋಲೆಗೆ ಗೆದ್ದಲಿನ ಭಯವಾದರೆ ಇಂತಹ ಕವಿತೆಗೆ ಮರೆವಿನ ಭಯ. ಮುಳುಗಿದ ಊರನ್ನು ಹಾಡಿದ ಕವಿತೆಯೂ ಮುಳುಗಿದರೆ ಅಜ್ಜಿಯ ಊರಿಗೆ ಅದು ಎರಡನೆಯ ಮುಳುಗಡೆ.

ಬನಹಟ್ಟಿಯ ಆ ಮನೆಯಿಂದ ಹೊರಡುವಾಗ ಅಟ್ಟದಲ್ಲಿ ಹಳೆಯ ರಟ್ಟಿನ ಮಾಲೆಗಳನ್ನು ಕಟ್ಟಿ ತೂಗಹಾಕಿದ್ದುದನ್ನು ಕಂಡಿದ್ದೆ. ಈಗ ಯಾರೂ ಉಡದ ಸೆರಗಿನವು. ಏಕೆ ಇಟ್ಟಿರುವಿರೆಂದು ಕೇಳಿದುದಕ್ಕೆ ಹಿರಿಯರು, “ಸೀರಿ ಮಾರಿ ಹೋಗ್ತಾವರಿ. ಹೂವ ಮನ್ಯಾಗ ಇರಬೇಕಲ್ರಿ” ಎಂದರು.

ಆ ಮಾತನ್ನು ಶಿಷ್ಯೆಗೆ ತಿಳಿಸಿದೆ. ಮರುವಾರ ಆಕೆ ಒಂದು ನೂರು ಪುಟದ ವಹಿ ತಂದು ತೋರಿಸಿದಳು. ಅದರಲ್ಲಿ ನೀರು ಏರುವ ಕ್ರಮವನ್ನೂ, ಯಾವ ಮಾತು ಯಾವ ಸಾಲಾಗಿ ಅರಳಬೇಕೆಂಬುದನ್ನೂ ಮಸಿಯಿಂದ, ಸರಳ ಕನ್ನಡದಲ್ಲಿ ಬರೆದಿಟ್ಟಿದ್ದಳು. ಈ ಸಲ ತಿದ್ದಲು ನನಗೇನೂ ಸಿಗಲಿಲ್ಲ.