ಅರಸೀಕೆರೆಯ ಕೊಬ್ಬರಿ ವ್ಯಾಪಾರ ಮತ್ತು ಬಾಹ್ಯಶಕ್ತಿಗಳು

ಯಾವುದೇ ಉದ್ಯಮದ ನೀತಿಯನ್ನು ಅದರ ಒಡೆಯನ ಇಚ್ಛೆಯೊಂದೇ ನಿರ್ಧರಿಸುವುದಿಲ್ಲ. ನಿಸರ್ಗ, ದೂರದ ಬೇಡಿಕೆ, ಸರಕಾರದ ಧೋರಣೆ ಎಂಬ ಬಾಹ್ಯಶಕ್ತಿಗಳೂ ಅದನ್ನು ರೂಪಿಸುತ್ತವೆ. ಅರಸೀಕೆರೆಯ ಉಂಡೆಕೊಬ್ಬರಿಯನ್ನು ಇದಕ್ಕೆ ನಿದರ್ಶನವಾಗಿ ನೋಡೋಣ.

ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ ಹರಡಿ, ಒಳಗಿನ ನೀರು ತಾನಾಗಿ ಇಂಗುವವರೆಗೆ 8ರಿಂದ 12 ತಿಂಗಳು ಕಾಯಬೇಕು. ಆದುದರಿಂದ ಇಂದಿನ ಧಾರಣೆಯನ್ನು ನಂಬಿ ಅಟ್ಟಕ್ಕೇರಿಸಿದ ಕಾಯಿ ಮುಂದಿನ ವರ್ಷದ ಧಾರಣೆಗೆ ಮಾರಾಟವಾಗುತ್ತದೆ.

ಅಷ್ಟರಲ್ಲಿ ಮಳೆಯ ಅಭಾವವೂ ನುಸಿಪೀಡೆಯೂ ಫಸಲನ್ನು ಕುಗ್ಗಿಸಬಹುದು. ಉತ್ತರ ಭಾರತದ ಹಬ್ಬ-ಮದುವೆಗಳ ಬೇಡಿಕೆ ಏರಬಹುದು, ಇಳಿಯಬಹುದು. ಕೇಂದ್ರ ಸರಕಾರವು 2023ರಲ್ಲಿ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಪಡಿಸಿದ್ದರೂ ಪೇಟೆಯ ಧಾರಣೆ ಅದಕ್ಕಿಂತ ಕೆಳಗಿಳಿಯಿತು. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ. ಧಾರಣೆಯಾದರೋ ಅದನ್ನು ಬಹುದೂರ ಮೀರಿತು. ಕುಸಿತದ ವರ್ಷದಲ್ಲಿ ಸಾಲದ ಒತ್ತಡಕ್ಕೆ ಸರಕನ್ನೆಲ್ಲ ಮಾರಿದವನಿಗೆ ಆ ಸರಕಿನ ಮೇಲೆ ಏರಿಕೆಯ ಲಾಭ ದೊರೆಯಲಿಲ್ಲ.

ಇದರಿಂದ ನಾವು ತಿಳಿಯಬೇಕಾದುದೇನು? ಬಾಹ್ಯಶಕ್ತಿಗಳನ್ನು ರೈತನು ತಡೆಯಲಾರ; ಆದರೆ ಫಸಲಿನ ಒಂದು ಪಾಲನ್ನು ಎಳನೀರಾಗಿ, ಒಂದು ಪಾಲನ್ನು ಕಾಯಾಗಿ, ಉಳಿದುದನ್ನು ಕೊಬ್ಬರಿಯಾಗಿ ಮಾರಿ ನಷ್ಟದ ಭಯವನ್ನು ಹಂಚಬಲ್ಲ. ಕಾಯುವ ಶಕ್ತಿಯೇ ಈ ವ್ಯಾಪಾರದ ನಿಜವಾದ ಬಂಡವಾಳ. ಕಾಯಲು ಬೇಕಾದ ಸಾಲಸೌಲಭ್ಯ ಸುಲಭವಾಗಿ ದೊರೆಯದಿದ್ದಲ್ಲಿ, ಬಡ ಬೆಳೆಗಾರನ ಪಾಲಿಗೆ ಈ ಆಯ್ಕೆ ಹೆಸರಿಗೆ ಮಾತ್ರ ಉಳಿಯುತ್ತದೆ.