‘ಕಾಮನ್ ಸೆನ್ಸ್ ಇಲ್ವಾ ನಿಂಗೆ?’

ದಿನಕ್ಕೆ ಎಷ್ಟು ಸಲ ಈ ಮಾತು ನಮ್ಮ ಬಾಯಲ್ಲಿ ಬರುತ್ತದೆ, ಎಣಿಸಿದ್ದೀರಾ? ಹಾಲು ಉಕ್ಕಿದರೆ, ಮಕ್ಕಳು ನಲ್ಲಿ ಹಾಗೇ ಬಿಟ್ಟು ಹೋದರೆ ಇದೇ ಗದರಿಕೆ. ನಮ್ಮ ಕೊಳಾಲದಲ್ಲಿ ಇಂಗ್ಲಿಷ್ ಓದದ ಅಜ್ಜಿಯರೂ ಅಂತಾರೆ. ನಾನೂ ಅನ್ನುತ್ತಿದ್ದೆ, ಹೋದ ವರ್ಷದ ಆ ಸಂಜೆಯವರೆಗೆ.

ನನ್ನ ಕಿರಿಯ ವಾರಗಿತ್ತಿ ಪಾವಗಡದ ಕಡೆ ಹಳ್ಳಿಯವಳು. ತವರಿನಲ್ಲಿ ಸೌದೆ ಒಲೆಯಲ್ಲೇ ಅಡುಗೆ ಮಾಡಿ ರೂಢಿ. ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಆವತ್ತು ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ. ಅವಳು ಓಡಿಹೋಗಿ ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದಳು. ನಾನು ಅವಳ ಕೈ ಹಿಡಿದೆಳೆದು, ನೆಂಟರ ಎದುರಿಗೇ, ‘ಕಾಮನ್ ಸೆನ್ಸ್ ಇಲ್ವಾ ನಿಂಗೆ?’ ಎಂದು ಕೂಗಿಬಿಟ್ಟೆ.

ರಾತ್ರಿ ಅವಳು ಊಟಕ್ಕೆ ಬರಲಿಲ್ಲ. ಹತ್ತಿರ ಕೂತು ಕೇಳಿದೆ. ‘ಹೊಗೆ ತುಂಬ್ಕೊಂಡ್ರೆ ಗಾಳಿ ಆಡಿಸ್ತೀವಲ್ಲ ಅಕ್ಕ, ಹಂಗೇ ಇದೂ ಹೋಗ್ಲಿ ಅಂತ ಫ್ಯಾನ್ ಹಾಕಕ್ಕೆ ಹೋದೆ. ಸ್ವಿಚ್ ಮುಟ್ಬಾರ್ದು ಅಂತ ನಂಗೆ ಯಾರೂ ಹೇಳಿರ್ಲಿಲ್ಲ’ ಎಂದು ಕಣ್ಣೊರೆಸಿಕೊಂಡಳು.

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಅವಳ ಕಾಮನ್ ಸೆನ್ಸ್ ಸರಿಯಾಗೇ ಓಡಿತ್ತು!

ಈ ಮಾತನ್ನು ಎಲ್ಲಿ ಆಡಬೇಕು ಅಂತ ಆಮೇಲೆ ಯೋಚಿಸಿದೆ. ಕೆಲವರು ಇದನ್ನು ‘ಸಾಮಾನ್ಯ ಜ್ಞಾನ’ ಅಂತಾರೆ, ಅದು ತಪ್ಪು. ನಮ್ಮ ರಾಜ್ಯದಲ್ಲಿ ಎಷ್ಟು ಜಿಲ್ಲೆ ಎಂಬುದು ಸಾಮಾನ್ಯ ಜ್ಞಾನ, ಓದಿ ಕಲಿಯುವಂಥದ್ದು. ಮೋಡ ಕವಿದಾಗ ಹಪ್ಪಳ ಒಳಗೆ ತರುವುದು, ಬಿಸಿ ಪಾತ್ರೆಗೆ ಬಟ್ಟೆ ಹಿಡಿಯುವುದು ಕಾಮನ್ ಸೆನ್ಸ್. ಕಂಡದ್ದರಿಂದ ತಾನೇ ಹೊಳೆಯುವ ವಿವೇಕ.

ಗ್ಯಾಸಿನ ವಿಷಯ ತಾನಾಗಿ ಹೊಳೆಯುವುದಿಲ್ಲ, ಹೇಳಿಕೊಡಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ. ಹೊಗೆಯ ಹಾಗೆ ಮೇಲೇರದೆ ನೆಲದ ಮಟ್ಟದಲ್ಲೇ ಹರಡುತ್ತದೆ. ಸ್ವಿಚ್ ಹಾಕಿದರೂ ಸರಿ, ಆರಿಸಿದರೂ ಸರಿ, ಕಿಡಿ ಹಾರಬಹುದು. ಹಾಗಾಗಿ ಸ್ವಿಚ್ ಮುಟ್ಟದೆ, ಒಲೆ, ದೀಪ, ಊದುಬತ್ತಿ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಗೆ ಬರಬೇಕು. ಹೊರಗಿನಿಂದ 1906ಕ್ಕೆ ಫೋನ್ ಮಾಡಬೇಕು. ಮಾರನೇ ಬೆಳಿಗ್ಗೆ ಇಷ್ಟನ್ನೂ ಅವಳಿಗೆ ತೋರಿಸಿಕೊಟ್ಟೆ. ‘ತಪ್ಪಾಯ್ತಮ್ಮ’ ಅಂತಲೂ ಅಂದೆ. ಈಗ ನನಗಿಂತ ಅವಳೇ ಹುಷಾರು. ರಾತ್ರಿ ರೆಗ್ಯುಲೇಟರ್ ನೋಡದೆ ಮಲಗುವುದಿಲ್ಲ.

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂದು ಗಾದೆ. ಆ ಒಕ್ಕಾಲನ್ನು ನಾವು ಕಲಿಸದೆ, ಮುಕ್ಕಾಲೂ ಇಲ್ಲವೆಂದು ಬೈದರೆ ನ್ಯಾಯವೇ? ಇನ್ನೊಂದು ಸಲ ಆ ಮಾತು ನಾಲಿಗೆಯ ತುದಿಗೆ ಬಂದಾಗ ನಿಮ್ಮನ್ನೇ ಕೇಳಿಕೊಳ್ಳಿ: ‘ಇದನ್ನು ನಾನು ಇವಳಿಗೆ ಹೇಳಿಕೊಟ್ಟಿದ್ದೆನಾ?’