ರಮೇಶ್ ಅರವಿಂದ್: ಕೇಳಿಸಿಕೊಳ್ಳೋದೂ ಒಂದು ಕಸುಬು

ನಂಜನಗೂಡಿಂದ ಟಿ. ನರಸೀಪುರಕ್ಕೆ ಹೋಗೋ ಬಸ್ಸಲ್ಲಿ ಕೂತು ಈ ಎಪಿಸೋಡ್ ರೆಕಾರ್ಡ್ ಮಾಡ್ತಿದ್ದೀನಿ. ಇವತ್ತಿನ ಮಾತು ರಮೇಶ್ ಅರವಿಂದ್ ಬಗ್ಗೆ.

ಬೆಂಗಳೂರಿನ ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಿದ ಈ ಹುಡುಗನನ್ನ 1986ರಲ್ಲಿ ಕೆ. ಬಾಲಚಂದರ್ ‘ಸುಂದರ ಸ್ವಪ್ನಗಳು’ ಚಿತ್ರದಲ್ಲಿ ಪರಿಚಯಿಸಿದರು. 2005ರಲ್ಲಿ ‘ರಾಮ ಶಾಮ ಭಾಮ’ದಿಂದ ನಿರ್ದೇಶಕರೂ ಆದರು. 2014ರ ಆಗಸ್ಟ್‌ನಲ್ಲಿ ಜೀ ಕನ್ನಡದಲ್ಲಿ ‘ವೀಕೆಂಡ್ ವಿತ್ ರಮೇಶ್’ ಶುರುವಾಯ್ತು. ಮೊದಲ ಅತಿಥಿ ಪುನೀತ್ ರಾಜ್‌ಕುಮಾರ್.

ಶೋ ಜನಕ್ಕೆ ಹಿಡಿಸಿದ್ದು ಯಾಕೆ? ಸಾಧಕರನ್ನ ಕುರ್ಚಿಯಲ್ಲಿ ಕೂರಿಸಿ, ಅವರ ಹಳೇ ಮೇಷ್ಟ್ರನ್ನ, ಬಾಲ್ಯದ ಗೆಳೆಯರನ್ನ ಎದುರಿಗೆ ಕರ್ಕೊಂಡು ಬರ್ತಾರೆ. ಆಮೇಲೆ ರಮೇಶ್ ಸುಮ್ಮನಾಗ್ತಾರೆ. ನೆನಪು ತಾನಾಗೇ ಮಾತಾಡುತ್ತೆ.

ಅದನ್ನ ನೋಡ್ತಾ ನಮ್ಮಜ್ಜಿ ಒಂದ್ಸಲ, “ನಮ್ಮಂಥೋರ ಕಥೆ ಯಾರ್ ಕೇಳ್ತಾರಪ್ಪ?” ಅಂದಿದ್ರು. ನಾನು ನಕ್ಕು ಸುಮ್ಮನಾದೆ. ಈಗ ಅಜ್ಜಿ ಇಲ್ಲ. ಅವರ ಧ್ವನಿ ನನ್ನ ಫೋನಲ್ಲೂ ಇಲ್ಲ.

ನರಸೀಪುರದಲ್ಲಿ ಅವರ ತಂಗಿ ಇದ್ದಾರೆ. ಹೋದ ತಕ್ಷಣ ಕೇಳೋ ಮೊದಲ ಪ್ರಶ್ನೆ: “ಚಿಕ್ಕಜ್ಜಿ, ನಿಮ್ಮ ಮೇಷ್ಟ್ರು ಯಾರು?” ಆಮೇಲೆ ನಾನೂ ಸುಮ್ಮನಿರ್ತೀನಿ.

ನಿಮ್ಮನೇಲೂ ಯಾರಾದ್ರೂ ಇರ್ತಾರೆ. ಇವತ್ತೇ ರೆಕಾರ್ಡ್ ಒತ್ತಿ.